ಬಾರದ ನೋಟು, ಬಂದ ಲೆಕ್ಕ

ಗೌರಿ ಹಬ್ಬದ ಹಿಂದಿನ ಸಂಜೆ. ಎಟಿಎಂ ಯಂತ್ರಕ್ಕೆ ಕಾರ್ಡು ತೂರಿಸಿ, ಗುಪ್ತ ಸಂಖ್ಯೆ ಒತ್ತಿ, 2,000 ರೂಪಾಯಿ ಕೇಳಿದ್ದಾಯಿತು. ಒಳಗೆ ನೋಟು ಎಣಿಸುವ ಗರಗರ ಸದ್ದೂ ಕೇಳಿಸಿತು. ನೋಟು ಮಾತ್ರ ಹೊರಬರಲಿಲ್ಲ. ಅಷ್ಟರಲ್ಲಿ ಮೊಬೈಲಿಗೆ ಸಂದೇಶ: ಖಾತೆಯಿಂದ 2,000 ಕಡಿತ. ಕೊಡದ ಹಣಕ್ಕೆ ಬ್ಯಾಂಕು ಲೆಕ್ಕ ಬರೆದುಕೊಂಡದ್ದು ಹೇಗೆ?

ಡೆಬಿಟ್ ಕಾರ್ಡಿನೊಳಗೆ ದುಡ್ಡಿಲ್ಲ. ಅದರ ಚಿಪ್ಪಿನಲ್ಲಿರುವುದು ಗ್ರಾಹಕನ ಗುರುತು, ಜೊತೆಗೆ ಪ್ರತಿ ವ್ಯವಹಾರಕ್ಕೂ ಹೊಸದೊಂದು ಸಂಕೇತ ಹೆಣೆಯುವ ಪುಟ್ಟ ಗಣಕ. ಖಾತೆಯಲ್ಲಿ ಶಿಲ್ಕು ಎಷ್ಟಿದೆಯೆಂದು ಯಂತ್ರಕ್ಕೂ ಗೊತ್ತಿಲ್ಲ, ಕೇಳಿಯೇ ತಿಳಿಯಬೇಕು. ಕಾರ್ಡು ಒಂದು ಬ್ಯಾಂಕಿನದು, ಯಂತ್ರ ಇನ್ನೊಂದರದು ಎನ್ನೋಣ. ಯಂತ್ರದ ಪ್ರಶ್ನೆ ತನ್ನ ಬ್ಯಾಂಕಿನಿಂದ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ ಎಂಬ ಜಂಕ್ಷನ್ನಿಗೆ ಹೋಗುತ್ತದೆ. ಕಾರ್ಡಿನ ಸಂಖ್ಯೆಯ ಮೊದಲ ಅಂಕಿಗಳೇ ಅಲ್ಲಿ ವಿಳಾಸ. ಅವನ್ನು ನೋಡಿ ಸ್ವಿಚ್ಚು ಪ್ರಶ್ನೆಯನ್ನು ಕಾರ್ಡು ಕೊಟ್ಟ ಬ್ಯಾಂಕಿಗೆ ದಾಟಿಸುತ್ತದೆ. ಆ ಬ್ಯಾಂಕು ಗುಪ್ತ ಸಂಖ್ಯೆ ಸರಿಯೇ, ಶಿಲ್ಕು ಸಾಲುವುದೇ ಎಂದು ನೋಡಿ, ಮೊದಲು ಖಾತೆಗೆ ಖರ್ಚು ಹಾಕುತ್ತದೆ. ಆಮೇಲಷ್ಟೇ 'ಕೊಡು' ಎನ್ನುತ್ತದೆ. ಕೊಟ್ಟ ಮೇಲೆ ಬರೆಯುವ ಪದ್ಧತಿಯಾದರೆ ನಡುವೆ ಸಂಪರ್ಕ ಕಡಿದಾಗ ನಷ್ಟ ಬ್ಯಾಂಕಿಗೆ. ಬ್ಯಾಂಕುಗಳು ಅಷ್ಟು ಉದಾರಿಗಳಲ್ಲ!

ನೋಟು ಸಿಕ್ಕಿಕೊಂಡರೆ ಯಂತ್ರ ಸುಮ್ಮನಿರುವುದಿಲ್ಲ. 'ಕೊಡಲಾಗಲಿಲ್ಲ, ಮರಳಿ ಜಮಾ ಮಾಡಿ' ಎಂದು ಎರಡನೆಯ ಸಂದೇಶ ಕಳಿಸುತ್ತದೆ. ಅದು ತಲುಪಿದರೆ ಹಣ ಖಾತೆಗೆ ವಾಪಸು. ದಾರಿಯಲ್ಲೇ ಕಳೆದುಹೋದರೆ ಪೇಚಾಟ ಶುರು. ಆದರೂ ನೋಟು ಎಲ್ಲಿಗೂ ಹೋಗಿಲ್ಲ, ಯಂತ್ರದ ಹೊಟ್ಟೆಯಲ್ಲೇ ಇದೆ. ಪೆಟ್ಟಿಗೆಯ ನೋಟುಗಳನ್ನು ಎಣಿಸಿ, ಯಂತ್ರ ತಾನೇ ಬರೆದಿಟ್ಟ ದಾಖಲೆಯೊಡನೆ ತಾಳೆ ನೋಡಿದರೆ 2,000 ಹೆಚ್ಚು ಸಿಗಲೇಬೇಕು.

ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಇಂಥ ಹಣವನ್ನು ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಮರಳಿಸಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ಕೇಳದೆಯೇ. ಹಾಗೆಂದು ಕೈಕಟ್ಟಿ ಕೂರುವುದು ಜಾಣತನವಲ್ಲ. ಯಂತ್ರ ಇರುವ ಜಾಗ, ದಿನ, ಹೊತ್ತು ಬರೆದಿಟ್ಟುಕೊಳ್ಳಬೇಕು; ಚೀಟಿ ಬಂದಿದ್ದರೆ ಬುಟ್ಟಿಗೆ ಎಸೆಯಬಾರದು. ದೂರು ಕೊಡಬೇಕಾದದ್ದು ಯಂತ್ರದ ನೆತ್ತಿಯ ಮೇಲೆ ಹೆಸರಿರುವ ಬ್ಯಾಂಕಿಗಲ್ಲ, ಕಾರ್ಡು ಕೊಟ್ಟ ಬ್ಯಾಂಕಿಗೆ. ಅನೇಕರು ಎಡವುವುದು ಇಲ್ಲೇ. ಲಿಖಿತ ದೂರಿಗೆ 30 ದಿನವಾದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ.