ಸಾಹಸಿಗೆ ಹಾರ, ಮನೆಯವರಿಗೆ ಮೂರನೇ ಸಾಲಿನ ಕುರ್ಚಿ

ಮೊನ್ನೆ ಭಾನುವಾರ ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಅಮ್ಮನ ಜೊತೆ ಕೂತು ಒಂದು ಫ್ರೆಂಚ್ ಸಿನಿಮಾ ನೋಡಿದೆ. ಹೆಸರು ‘ದಿ ಒಡಿಸ್ಸಿ’, 2016ರದ್ದು. ಸಮುದ್ರದಾಳವನ್ನು ಜಗತ್ತಿಗೇ ತೋರಿಸಿದ ಜಾಕ್ ಕುಸ್ಟೋನ ಕಥೆ. 1943ರಲ್ಲಿ ಗೆಳೆಯನೊಬ್ಬನ ಜೊತೆ ಸೇರಿ ನೀರೊಳಗೆ ಉಸಿರಾಡುವ ಅಕ್ವಾಲಂಗ್ ರೂಪಿಸಿದವನು, 1956ರಲ್ಲಿ ಕಾನ್ ಉತ್ಸವದ ಅತಿ ದೊಡ್ಡ ಪ್ರಶಸ್ತಿ ಗೆದ್ದವನು.

ಆದರೆ ಸಿನಿಮಾ ಇವನಿಗೆ ಮಂಗಳಾರತಿ ಎತ್ತುವುದಿಲ್ಲ ನೋಡಿ! ಹಡಗಿಗಾಗಿ ಒಡವೆ ಮಾರಿದ ಹೆಂಡತಿ ಸಿಮೋನ್, ಅವಳ ಬೆನ್ನ ಹಿಂದೆ ಗಂಡನ ಬೇರೆ ಸಂಬಂಧಗಳು, ಅಪ್ಪನ ಮೇಲೆ ಮುನಿಸಿಕೊಂಡು ಮತ್ತೆ ಅಪ್ಪನ ಬಳಿಗೇ ಬಂದು 1979ರಲ್ಲಿ ವಿಮಾನ ಅಪಘಾತದಲ್ಲಿ ಸತ್ತ ಮಗ ಫಿಲಿಪ್... ಎಲ್ಲವೂ ಇದೆ. ಚಿತ್ರಕ್ಕೆ ಆಧಾರವಾದ ಪುಸ್ತಕಗಳಲ್ಲೊಂದು ಕುಸ್ಟೋನ ಹಿರಿಯ ಮಗನೇ ಬರೆದದ್ದು!

ನಮ್ಮಲ್ಲಿ? 2022ರ ‘ವಿಜಯಾನಂದ’ ಕನ್ನಡದ ದೊಡ್ಡ ಜೀವನಚಿತ್ರ. ಉದ್ಯಮಿಯ ಕಥೆ, ನಿರ್ಮಾಣ ಅವರದ್ದೇ ಮನೆಯ ಸಂಸ್ಥೆ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಬೇರೆ ಮಾತು. ಮನೆಯವರೇ ದುಡ್ಡು ಹಾಕಿದ ಮೇಲೆ ಮನೆಯ ಬಿರುಕು ತೋರಿಸುವವರು ಯಾರು ಸ್ವಾಮೀ? ಇನ್ನು ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಬದುಕು 2020ರಲ್ಲಿ ತಮಿಳಿನಲ್ಲಿ ಸಿನಿಮಾ ಆಯಿತು, 2024ರಲ್ಲಿ ಹಿಂದಿಯಲ್ಲೂ ಆಯಿತು. ನಾವು ಚಪ್ಪಾಳೆ ತಟ್ಟಿದೆವು, ಅಷ್ಟೇ.

ನಮ್ಮಲ್ಲೂ ಸಮುದ್ರಕ್ಕಿಳಿದ ಶೋಧಕರೊಬ್ಬರಿದ್ದರು. ಶಿಕಾರಿಪುರ ರಂಗನಾಥ ರಾವ್, ಅಂದರೆ ಪುರಾತತ್ವಜ್ಞ ಎಸ್.ಆರ್. ರಾವ್ (1922–2013). 1954ರಲ್ಲಿ ಗುಜರಾತಿನ ಲೋಥಾಲ್ ಪತ್ತೆ ಮಾಡಿದವರು. ಉಳಿದವರು ಪಿಂಚಣಿ ಲೆಕ್ಕ ಹಾಕುವ ಅರವತ್ತರ ಹೊಸ್ತಿಲಲ್ಲಿ ಗೋವಾದಲ್ಲಿ ಕಡಲ ಪುರಾತತ್ವದ ಕೆಲಸ ಕಟ್ಟಿ, 1980ರ ದಶಕದಲ್ಲಿ ದ್ವಾರಕೆಯ ಕಡಲತಳ ಹುಡುಕಿಸಿದವರು. ಕೊನೆಯುಸಿರೆಳೆದದ್ದು ಇದೇ ಬೆಂಗಳೂರಿನಲ್ಲಿ. ಇವರ ಮೇಲೊಂದು ಸಿನಿಮಾ ಯಾಕಿಲ್ಲ?

ಬಂದರೂ ಹೇಗೆ ಬರುತ್ತದೆ ಅಂತ ನನಗೆ ಗೊತ್ತು. ನೀರೊಳಗೆ ಕೊಳಲಿನ ನಾದ, ಹೀರೋ ಕೈಯಲ್ಲಿ ಶಂಖ, ಸ್ಲೋ ಮೋಷನ್. ಲೋಥಾಲಿನದು ಬಂದರುಕಟ್ಟೆಯಲ್ಲ, ನೀರಾವರಿ ಕೆರೆ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಸಿಂಧೂ ಲಿಪಿ ಓದಿದೆ ಎಂದ ರಾವ್ ಅವರ ಮಾತನ್ನು ಬಹುಪಾಲು ತಜ್ಞರು ಒಪ್ಪಲಿಲ್ಲ. ಈ ಜಗಳಗಳಿಲ್ಲದೆ ಆ ಮನುಷ್ಯನ ಎತ್ತರ ಹೇಗೆ ತಿಳಿಯಬೇಕು? ವರ್ಷಗಟ್ಟಲೆ ಉತ್ಖನನದ ಕ್ಯಾಂಪುಗಳಲ್ಲಿ ಕಳೆಯುವವರ ಮನೆ ಹೇಗೆ ನಡೆಯುತ್ತದೆ ಎಂದು ಕೇಳದೆ ಅದೆಂಥ ಜೀವನಚಿತ್ರ?

“ದೊಡ್ಡವರ ಮನೆ ವಿಷಯ ನಮಗ್ಯಾಕೆ, ಸಾಧನೆ ನೋಡ್ರಿ” ಅಂದರು ಗೆಳೆಯರೊಬ್ಬರು. ನನಗೆ ಬೇಕಾದದ್ದು ಹರಟೆಯಲ್ಲ ಮಾರಾಯ್ರೆ, ಲೆಕ್ಕ! ನಮ್ಮಪ್ಪ ಅಂತರ್ಜಲ ಸರ್ವೆ ಕೆಲಸದಲ್ಲಿದ್ದರು. ತಿಂಗಳಲ್ಲಿ ನಾಲ್ಕು ದಿನ ಮನೆ, ಮಿಕ್ಕಿದ್ದು ಬಯಲುಸೀಮೆಯ ಕ್ಯಾಂಪು. ಊರಿಗೆಲ್ಲ ನೀರು ಹುಡುಕಿದ ಮನುಷ್ಯನ ಹೆಂಡತಿ ಇಲ್ಲಿ ರಾತ್ರಿ ಎರಡು ಗಂಟೆಗೆ ಬೀದಿ ನಲ್ಲಿ ಮುಂದೆ ಬಿಂದಿಗೆ ಇಟ್ಟು ಕಾಯುತ್ತಿದ್ದಳು. ನನ್ನ ಟೈಫಾಯ್ಡ್, ತಂಗಿಯ ಸ್ಕೂಲ್ ಫೀಸು, ಅಜ್ಜಿಯ ಸಾವು, ಎಲ್ಲವನ್ನೂ ಒಬ್ಬಳೇ ಎದುರಿಸಿದಳು. ನಿವೃತ್ತಿಯ ದಿನ ಅಪ್ಪನಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ. ಅಮ್ಮ ಮೂರನೇ ಸಾಲಿನ ಕುರ್ಚಿಯಲ್ಲಿದ್ದಳು. ಭಾಷಣ ಮಾಡಿದ ಒಬ್ಬರೂ ಅವಳ ಹೆಸರು ಹೇಳಲಿಲ್ಲ. ಅಪ್ಪನೂ.

ಅಪ್ಪ ಬಾವಿ ತೋರಿಸಿದ ಊರುಗಳು ಸುಳ್ಳಲ್ಲ, ಅವರ ಮೇಲೆ ನನಗೆ ಹೆಮ್ಮೆ ಇದೆ. ಆದರೆ ಆ ಸಾಧನೆಯ ಅರ್ಧ ಖರ್ಚು ಬೇರೆಯವರ ಖಾತೆಯಿಂದ ಹೋಗಿದೆ. ಅದನ್ನು ತೋರಿಸದ ಸಿನಿಮಾ ಸುಳ್ಳು ಲೆಕ್ಕಪತ್ರ, ಅಷ್ಟೇ.

ಸಿಮೋನ್ ಬಹುಪಾಲು ಬದುಕನ್ನು ಆ ಹಡಗಿನಲ್ಲೇ ಕಳೆದಳು ಎಂದು ಅಮ್ಮನಿಗೆ ಹೇಳಿದೆ. ಹುರುಳೀಕಾಯಿ ನಾರು ತೆಗೆಯುತ್ತಿದ್ದವಳು ತಲೆ ಎತ್ತದೆ ಅಂದಳು: “ಅವಳಿಗೆ ಹಡಗಾದ್ರೂ ಇತ್ತು. ನಂಗೆ ನಲ್ಲಿ.”

ಕನ್ನಡದಲ್ಲಿ ಯಾರಾದರೂ ಈ ಮಾತಿನಿಂದ ಸಿನಿಮಾ ಶುರು ಮಾಡಲಿ, ಮೊದಲ ಟಿಕೆಟ್ ನನ್ನದು. ಎರಡನೆಯದು ಅಮ್ಮನಿಗೆ, ಮೊದಲ ಸಾಲಿನಲ್ಲಿ. ನೀವೇನಂತೀರಿ?