ಕೂಸಿನ ಅರಿವೆ ಒಗೆದರೂ ಯಾಕೆ ನಾರುತ್ತದೆ?

ತೊಟ್ಟಿಲು ಕಟ್ಟಿದ ಮನೆಯ ಹೊಸ್ತಿಲು ದಾಟಿದ ಕೂಡಲೇ ಮೂಗಿಗೆ ಮೂರು ವಾಸನೆಗಳು ಬರುತ್ತವೆ. ಒಂದು ಎಣ್ಣೆ, ಅರಿಷಿಣದ್ದು. ಇನ್ನೊಂದು ಲೋಭಾನದ್ದು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಒಗೆದು, ಒಣಗಿಸಿ, ಮಡಿಚಿಟ್ಟ ಕೂಸಿನ ಅರಿವೆಯದು. ಒಣಗಿದ್ದಾಗ ಅಷ್ಟಾಗಿ ತಿಳಿಯದ ಈ ಘಾಟು, ಕೂಸು ಮತ್ತೊಮ್ಮೆ ಒದ್ದೆ ಮಾಡಿದ ಕೂಡಲೇ ಕಣ್ಣು ಉರಿಯುವಂತೆ ಏಳುತ್ತದೆ. "ಎಷ್ಟ್ ಸಾಬಾಣ ಹಚ್ಚಿದ್ರೂ ಈ ನಾತ ಹೋಗವಲ್ತು" ಎಂದು ಅಜ್ಜಿ ಗೊಣಗುತ್ತಾಳೆ. ಸೊಸೆ ಇನ್ನಷ್ಟು ಸಾಬೂನು ತಿಕ್ಕುತ್ತಾಳೆ. ನಾತ ಇನ್ನಷ್ಟು ಹೆಚ್ಚುತ್ತದೆ!

ಪೇಟೆಯ ಡೈಪರ್ ಈಗ ಹಳ್ಳಿಯ ಕಿರಾಣಿ ಅಂಗಡಿಗೂ ಬಂದಿದೆ. ಆದರೂ ಮನೆಯಲ್ಲಿರುವಾಗ ಹಳೆಯ ಧೋತರ, ಹಳೆಯ ಸೀರೆ ಹರಿದು ಮಾಡಿದ ಮೆತ್ತನೆಯ ಅರಿವೆಯನ್ನೇ ಬಳಸುವವರು ನಮ್ಮಲ್ಲಿ ಬಹಳ ಜನ. ಅರಿವೆ ನಾರಿದರೆ ಒಗೆದವರ ಮೈಗಳ್ಳತನ ಎಂದು ತಿಳಿಯಬೇಡಿ. ವಿದ್ಯಾರ್ಥಿಗಳೇ, ಇದರ ಉತ್ತರ ಗಡಸು ನೀರಿನ ವಿಜ್ಞಾನದಲ್ಲಿಯೇ ಇದೆ. ಪಾಲಕರೂ ಜೊತೆಗೆ ಕುಳಿತು ಓದಬೇಕೆಂದು ವಿನಂತಿ.

ಘಾಟು ಹುಟ್ಟುವ ಬಗೆ

ಆಗತಾನೇ ಹೊಯ್ದ ಮೂತ್ರಕ್ಕೆ ಅಂಥ ಘಾಟು ಇರುವುದಿಲ್ಲ. ಅದರಲ್ಲಿರುವುದು ಯೂರಿಯಾ. ಹೌದು, ನಿಮ್ಮ ತಂದೆ ಗೋವಿನಜೋಳದ ಹೊಲಕ್ಕೆ ಹಾಕುತ್ತಾರಲ್ಲ, ಅದೇ ಯೂರಿಯಾ. ಅರಿವೆಯ ಎಳೆಗಳಲ್ಲಿ ಉಳಿದುಕೊಂಡ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಆ ಕಿಣ್ವವು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಕಣ್ಣು ಉರಿಸುವ ಘಾಟು ಈ ಅಮೋನಿಯಾದ್ದು. ಒದ್ದೆ ಅರಿವೆಗಳನ್ನು ರಾತ್ರಿಯಿಡೀ ಮುಚ್ಚಿದ ಬಕೀಟಿನಲ್ಲಿ ಒಟ್ಟಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಅದು ಅಮೋನಿಯಾದ ಕಾರಖಾನೆಯೇ ಆಗಿರುತ್ತದೆ.

ಈ ಯೂರಿಯೇಸ್ ವಿಜ್ಞಾನದ ಇತಿಹಾಸದಲ್ಲಿ ದೊಡ್ಡ ಹೆಸರು ಮಾಡಿದ ಕಿಣ್ವ. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಇದನ್ನು ಅವರೆ ಕುಲದ ಒಂದು ಕಾಳಿನಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಹರಳಾಗಿ ದೊರೆತ ಮೊದಲ ಕಿಣ್ವ ಇದೇ. ಕಿಣ್ವಗಳು ಪ್ರೋಟೀನುಗಳು ಎಂದು ಅವರು ಹೇಳಿದಾಗ ಬಹಳ ಜನ ನಂಬಲಿಲ್ಲ. ಕೊನೆಗೆ 1946ರಲ್ಲಿ ನೊಬೆಲ್ ಪಾರಿತೋಷಕ ಬಂತು. ಹದಿನೇಳನೆಯ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಗುಂಡು ತಗುಲಿ ಅವರು ಎಡಗೈ ಕಳೆದುಕೊಂಡಿದ್ದರು. ಎಡಚರಾಗಿದ್ದ ಅವರು ಬಲಗೈಯಿಂದ ಎಲ್ಲವನ್ನೂ ಹೊಸದಾಗಿ ಕಲಿತರು.

ಕೂಸಿಗೆ ಇದರಿಂದೇನು ತೊಂದರೆ? ಅಮೋನಿಯಾ ಕ್ಷಾರೀಯ ವಸ್ತು. ನಮ್ಮ ಚರ್ಮ ಇರುವುದು ತುಸು ಆಮ್ಲೀಯವಾಗಿ. ಒದ್ದೆ ಅರಿವೆಯಲ್ಲಿ ಕ್ಷಾರ ಹೆಚ್ಚಿದರೆ ಮಲದಲ್ಲಿರುವ ಜೀರ್ಣಕಿಣ್ವಗಳು ಚುರುಕಾಗಿ ಕೂಸಿನ ಎಳೆಯ ಚರ್ಮವನ್ನೇ ತಿನ್ನತೊಡಗುತ್ತವೆ ಎಂದು 1980ರ ದಶಕದ ಸಂಶೋಧನೆಗಳು ತೋರಿಸಿದವು. ತೊಡೆಯ ಸಂದಿ ಕೆಂಪಾಗಿ ಕೂಸು ಚೀರುವುದು ಇದರಿಂದ. ಅದಕ್ಕೆ ದೃಷ್ಟಿ ತೆಗೆದರೆ ಉಪಯೋಗವಿಲ್ಲ!

ನಮ್ಮ ಎರೆ ನೆಲದ ನೀರು

ಈಗ ನೀರಿನ ಮಾತು. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿ ಮಳೆ ಹೆಚ್ಚು. ಆ ತೊಟ್ಟಿಲು ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯ ಮನೆಗೆ ಬಂದರೆ ಅಲ್ಲಿ ಸಿಗುವ ನೀರು ಬೇರೆ. ಎರೆ ಭೂಮಿಯಲ್ಲಿ ಕೊರೆದ ಬೋರಿನ ನೀರು ಅನೇಕ ಊರುಗಳಲ್ಲಿ ಸವಳು. ಕುಂದಗೋಳ, ನವಲಗುಂದದ ಸೀಮೆಯನ್ನು ಹಾಯ್ದು ಹೋಗುವ ಬೆಣ್ಣಿಹಳ್ಳದ ಹೆಸರು ಬೆಣ್ಣೆಯದಾದರೂ ನೀರು ಉಪ್ಪು. ಅದಕ್ಕೆಂದೇ ಈ ಸೀಮೆಯ ಜನ ಹಿಂದಿನಿಂದಲೂ ಕುಡಿಯಲು ಕೆರೆಯ ನೀರನ್ನು ನಂಬಿದವರು. ನವಲಗುಂದಕ್ಕೆ ನೀಲಮ್ಮನ ಕೆರೆ ಇದೆ. ಮಲಪ್ರಭಾ ಕಾಲುವೆ ಬಂದ ಮೇಲೆ ಹಲವು ಕೆರೆಗಳಿಗೆ ಅದರ ನೀರೇ ಆಧಾರವಾಯಿತು.

ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಸಾಬೂನು ಇವುಗಳ ಜೊತೆ ಸೇರಿದ ಕೂಡಲೇ ನೊರೆ ಕೊಡುವ ಬದಲು ನೀರಿನಲ್ಲಿ ಕರಗದ ಬಿಳಿ ಜಿಡ್ಡಾಗಿ ಬಿಡುತ್ತದೆ. ಬಕೀಟಿನ ಅಂಚಿಗೆ ಅಂಟುವ ಕೆನೆಯಂಥ ಪದರು ಅದೇ. ಈ ಜಿಡ್ಡು ಅರಿವೆಯ ಎಳೆಗಳ ನಡುವೆ ಕೂಡುತ್ತದೆ, ಅದರ ಕೆಳಗೆ ಮೂತ್ರದ ಲವಣಗಳೂ ಬ್ಯಾಕ್ಟೀರಿಯಾಗಳೂ ಬೆಚ್ಚಗೆ ಉಳಿಯುತ್ತವೆ. ಅರಿವೆ ಬೂದು ಬಣ್ಣಕ್ಕೆ ತಿರುಗಿ ಒರಟಾಗುತ್ತದೆ, ನೀರು ಹೀರುವುದು ಕಡಿಮೆಯಾಗುತ್ತದೆ. ಹೆಚ್ಚು ಸಾಬೂನು ಹಚ್ಚಿದರೆ ಹೆಚ್ಚು ಜಿಡ್ಡು, ಹೆಚ್ಚು ಜಿಡ್ಡಿಗೆ ಹೆಚ್ಚು ನಾತ. ಬದಲಿಸಬೇಕಾದದ್ದು ನೀರನ್ನು, ಸಾಬೂನಿನ ಪ್ರಮಾಣವನ್ನಲ್ಲ.

ಮಾಡಿ ನೋಡಿ

ಒಂದೇ ಅಳತೆಯ ಮೂರು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮಳೆಯ ನೀರು, ಒಂದರಲ್ಲಿ ಕೆರೆಯ ನೀರು, ಒಂದರಲ್ಲಿ ಬೋರಿನ ನೀರು ಅರ್ಧದಷ್ಟು ತುಂಬಿ. ಕಡಲೆಕಾಳಿನಷ್ಟು ಬಟ್ಟೆ ಸಾಬೂನನ್ನು ಮೂರಕ್ಕೂ ಹಾಕಿ ಇಪ್ಪತ್ತು ಸಲ ಕುಲುಕಿ. ನೊರೆಯ ಎತ್ತರವನ್ನು ಪಟ್ಟಿಯಿಂದ ಅಳೆಯಿರಿ. ಅನಂತರ ಬೋರಿನ ನೀರಿಗೆ ಚಿಟಿಕೆ ವಾಷಿಂಗ್ ಸೋಡಾ ಹಾಕಿ ಮತ್ತೆ ಕುಲುಕಿ. ಆಗ ಆಗುವ ಬದಲಾವಣೆಯನ್ನು ಅಮ್ಮನಿಗೆ ತೋರಿಸಿ.

ಎರಡನೆಯ ಪ್ರಯೋಗಕ್ಕೆ ಅರಿಷಿಣ ಸಾಕು. ಅಂಗಿಯ ಮೇಲೆ ಬಿದ್ದ ಸಾರಿನ ಹಳದಿ ಕಲೆ ಸಾಬೂನು ತಾಗಿದ ಕೂಡಲೇ ಕೆಂಪಾಗುವುದನ್ನು ನೀವೆಲ್ಲ ನೋಡಿದ್ದೀರಿ. ಅರಿಷಿಣವು ಕ್ಷಾರಕ್ಕೆ ಕೆಂಪಾಗುತ್ತದೆ. ಬಿಳಿ ಕಾಗದಕ್ಕೆ ಅರಿಷಿಣದ ನೀರು ಹಚ್ಚಿ ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿ ಇಟ್ಟುಕೊಳ್ಳಿ. ಮೊದಲು ಬರೀ ನೀರಿಗೆ ಒಂದು ಪಟ್ಟಿ ಅದ್ದಿ, ಆಮೇಲೆ ಅರಿವೆ ಜಾಲಿಸಿದ ಕೊನೆಯ ನೀರಿಗೆ ಇನ್ನೊಂದನ್ನು ಅದ್ದಿ. ಎರಡನೆಯದು ಹೆಚ್ಚು ಕೆಂಪಾದರೆ ಅರಿವೆಯಲ್ಲಿ ಸಾಬೂನೋ ಸೋಡಾವೋ ಉಳಿದಿದೆ, ಇನ್ನೊಮ್ಮೆ ಜಾಲಿಸಬೇಕು ಎಂದರ್ಥ.

ಒಗೆಯುವ ಕ್ರಮ

ಮೊದಲು ಮಲವನ್ನು ಪಾಯಿಖಾನೆಗೇ ಹಾಕಿ. ಕೂಸಿನದು ಹೊಲಸಲ್ಲ ಎಂಬ ಮಾತು ಪ್ರೀತಿಯದು, ವಿಜ್ಞಾನದ್ದಲ್ಲ. ರೋಗಾಣುಗಳಿಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಕುಡಿಯುವ ನೀರಿನ ಕೆರೆಯ ದಂಡೆಯಲ್ಲಂತೂ ಈ ಅರಿವೆ ಒಗೆಯಲೇಬಾರದು.

ಒದ್ದೆಯಾದ ಅರಿವೆಯನ್ನು ಆದಷ್ಟು ಬೇಗ ತಣ್ಣೀರಿನಲ್ಲಿ ಜಾಲಿಸಿ. ಮೊದಲೇ ಬಿಸಿನೀರು ಹಾಕಿದರೆ ಮಲದ ಪ್ರೋಟೀನು ಗಟ್ಟಿಯಾಗಿ ಕಲೆ ಕೂತುಬಿಡುತ್ತದೆ.

ಆಮೇಲೆ ಒಗೆಯುವ ನೀರನ್ನು ಮೆದುಮಾಡಿ. ಕುಡಿಯುವ ನೀರಿನ ಗಡಸುತನ ಒಂದು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆದೀತು ಎಂದು ಭಾರತೀಯ ಮಾನಕ ಹೇಳುತ್ತದೆ. ಈ 600 ಮಿಲಿಗ್ರಾಂ ಗಡಸುತನ ಕಳೆಯಲು ಎಷ್ಟು ಸೋಡಾ ಬೇಕು? ಕ್ಯಾಲ್ಸಿಯಂ ಕಾರ್ಬೊನೇಟಿನ ಅಣುತೂಕ 100, ಸೋಡಿಯಂ ಕಾರ್ಬೊನೇಟಿನದು 106. ಹಾಗಾದರೆ ಲೀಟರಿಗೆ 636 ಮಿಲಿಗ್ರಾಂ, 10 ಲೀಟರಿನ ಬಕೀಟಿಗೆ ಸುಮಾರು ಆರೂವರೆ ಗ್ರಾಂ. ನೀರಿನಂಶವಿರುವ ಹರಳು ಸೋಡಾ ಆದರೆ ಸುಮಾರು 17 ಗ್ರಾಂ. ಅಂದರೆ ಒಂದು ದೊಡ್ಡ ಚಮಚ ಸಾಕು. ಸೋಡಾ ಕದಡಿ ಸ್ವಲ್ಪ ಹೊತ್ತು ಬಿಟ್ಟರೆ ಸುಣ್ಣದಂಶ ಕೆಳಗೆ ಕೂಡುತ್ತದೆ. ಮೇಲಿನ ತಿಳಿನೀರಿಗೆ ಈಗ ಸಾಬೂನು ಹಾಕಿ, ಮೊದಲಿಗಿಂತ ಕಡಿಮೆ ಸಾಕಾಗುತ್ತದೆ.

ಈಗಾಗಲೇ ನಾತ ಹಿಡಿದ ಅರಿವೆಯನ್ನು ಸಾಬೂನಿಲ್ಲದೆ ಬರೀ ಸೋಡಾ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ. ಹೊಸ ಸಾಬೂನು ಹಾಕದಿದ್ದರೂ ನೊರೆ ಎದ್ದರೆ ಬೆರಗಾಗಬೇಡಿ, ಅದು ತಿಂಗಳುಗಟ್ಟಲೆ ಅರಿವೆಯಲ್ಲಿ ಕೂತಿದ್ದ ಹಳೆಯ ಸಾಬೂನು! ಆದರೆ ನಾವು 'ಜರ್ಮನ್' ಎಂದು ಕರೆಯುವ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಬೇಡಿ, ಸೋಡಾ ಅದನ್ನು ತಿನ್ನುತ್ತದೆ. ತಾಮ್ರದ ಹಂಡೆ, ಸ್ಟೀಲಿನ ಪಾತ್ರೆ ನಡೆಯುತ್ತವೆ. ಅಂಗಡಿಯಲ್ಲಿ ಕೇಳುವಾಗ ವಾಷಿಂಗ್ ಸೋಡಾ ಎಂದೇ ಕೇಳಿ. ಕಾಸ್ಟಿಕ್ ಸೋಡಾ ಬೇರೆ, ಅದು ಕೈಯನ್ನೇ ಸುಡುತ್ತದೆ. ಎರಡನ್ನೂ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಇದೇನೂ ಪರದೇಶದ ವಿದ್ಯೆಯಲ್ಲ. ನಮ್ಮ ಅಜ್ಜಿಯರು ಬೂದಿಯ ತಿಳಿನೀರಿನಲ್ಲಿ ಅರಿವೆ ನೆನೆ ಇಡುತ್ತಿದ್ದರು. ಬೂದಿಯಲ್ಲಿ ಇರುವುದು ಪೊಟ್ಯಾಸಿಯಂ ಕಾರ್ಬೊನೇಟು. ಮಡಿವಾಳರು ಸವಳು ಮಣ್ಣು ಹಚ್ಚಿ ಉಬ್ಬೆಗೆ ಹಾಕುತ್ತಿದ್ದರು. ಅದರಲ್ಲಿ ಇದ್ದದ್ದು ಇದೇ ಸೋಡಾ, ಜೊತೆಗೆ ಹಬೆಯ ಕಾವು. ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಕೊನೆಗೆ ಎರಡು ಮೂರು ಸಲ ಜಾಲಿಸಿ. ಎಲ್ಲ ಸಲವೂ ಒಳ್ಳೆಯ ನೀರು ಸಿಗದ ಊರಿನಲ್ಲಿ ಕೊನೆಯ ಒಂದು ಸಲಕ್ಕಾದರೂ ಒಂದು ಕೊಡ ಕೆರೆಯ ನೀರನ್ನೋ ಮಳೆಯ ನೀರನ್ನೋ ಎತ್ತಿಡಿ. ಕೊನೆಯ ಜಾಲಿಸಿದ ನೀರನ್ನು ಚೆಲ್ಲದೆ ಮರುದಿನದ ಮೊದಲ ತೊಳೆತಕ್ಕೆ ಬಳಸಿ.

ಆಮೇಲೆ ಬಿಸಿಲು. ಅದರ ಅತಿನೇರಳೆ ಕಿರಣಗಳು ರೋಗಾಣುಗಳನ್ನು ಕೊಲ್ಲುತ್ತವೆ, ಕಲೆಯನ್ನೂ ಮಾಸಿಸುತ್ತವೆ. ಮಳೆಗಾಲದಲ್ಲಿ ಕಲಘಟಗಿಯ ಕಡೆ ವಾರಗಟ್ಟಲೆ ಬಿಸಿಲು ಬೀಳದಿದ್ದರೆ ಗಾಳಿಯಾಡುವಲ್ಲಿ ಹರವಿ, ಮಡಿಚುವ ಮೊದಲು ಬಿಸಿ ಇಸ್ತ್ರಿ ಮಾಡಿ. ಹೆಣ್ಣುಮಕ್ಕಳು ತಿಂಗಳ ದಿನಗಳಲ್ಲಿ ಬಳಸುವ ಅರಿವೆಗೂ ಇದೇ ನಿಯಮ. ಅದನ್ನು ಹಾಸಿಗೆಯ ಕೆಳಗೆ, ಕತ್ತಲ ಮೂಲೆಯಲ್ಲಿ ಒಣಗಿಸುವಂತೆ ಮಾಡುವ ನಾಚಿಕೆಯನ್ನು ಮನೆಯ ಹಿರಿಯರೇ ಬಿಡಿಸಬೇಕು.

ಮುಚ್ಚಿದರೆ ಹೋಗುವುದಿಲ್ಲ

ಇಷ್ಟೆಲ್ಲ ಯಾಕೆ, ಲೋಭಾನದ ಹೊಗೆ ಹಾಕಿದರಾಯಿತು ಎನ್ನುವವರಿದ್ದಾರೆ. ಹೊಗೆ ನಾತವನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಕೂಸಿನ ಪುಪ್ಪುಸಕ್ಕೂ ಹೊಗೆ ಒಳ್ಳೆಯದಲ್ಲ. ಅರಿವೆಯ ಗಂಟಿನಲ್ಲಿ ನ್ಯಾಫ್ತಲೀನ್ ಗುಳಿಗೆ ಇಡುವುದು ಇನ್ನೂ ಅಪಾಯ. ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಕೊರತೆ ಯಾವ ಕೂಸಿಗಿದೆ ಎಂದು ಮುಖ ನೋಡಿ ಹೇಳಲಾಗುವುದಿಲ್ಲ.

ಫಿನೈಲ್‌ನಂಥ ಔಷಧ ಬೆರೆಸಿ ಒಗೆಯುವುದೂ ಬೇಡ. 1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಪೆಂಟಾಕ್ಲೋರೋಫಿನಾಲ್ ಇದ್ದ ಪುಡಿಯನ್ನು ಬಳಸಿದರು. ಅರಿವೆಯಲ್ಲಿ ಉಳಿದ ವಿಷ ಚರ್ಮದ ಮೂಲಕ ಒಳಗಿಳಿದು ಎರಡು ಹಸುಗೂಸುಗಳು ಸತ್ತವು. ಬ್ಲೀಚಿಂಗ್ ಪುಡಿಯನ್ನು ಮೂತ್ರದ ಅರಿವೆಯ ಮೇಲೆ ಸುರಿಯುವುದೂ ತಪ್ಪು. ಅದು ಅಮೋನಿಯಾದೊಡನೆ ಸೇರಿ ಕ್ಲೋರಮೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ತಾಯಿಯ ಮೂಗು

ವಾಸನೆಯನ್ನು ಅಲಕ್ಷ್ಯ ಮಾಡಬಾರದು ಎನ್ನಲು ಇನ್ನೊಂದು ಕಾರಣವಿದೆ. ನಾರ್ವೆ ದೇಶದ ಬೋರ್ಗ್ನಿ ಎಗೆಲಂಡ್ ಎಂಬ ತಾಯಿಯ ಇಬ್ಬರು ಮಕ್ಕಳ ಬುದ್ಧಿ ಬೆಳೆಯಲಿಲ್ಲ. ಅವರ ಮೂತ್ರಕ್ಕೆ ಏನೋ ವಿಚಿತ್ರ ವಾಸನೆ ಇದೆ ಎಂದು ಆಕೆ ವೈದ್ಯರಿಂದ ವೈದ್ಯರಿಗೆ ಅಲೆದರೂ ಯಾರೂ ಕಿವಿಗೊಡಲಿಲ್ಲ. 1934ರಲ್ಲಿ ಅಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಆ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಹೀಗೆ ಫಿನೈಲ್‌ಕೀಟೊನ್ಯೂರಿಯಾ ಎಂಬ ಕಾಯಿಲೆ ಪತ್ತೆಯಾಯಿತು. ಆ ಇಬ್ಬರು ಮಕ್ಕಳಿಗೆ ಉಪಯೋಗವಾಗಲಿಲ್ಲ. ಆದರೆ ಈಗ ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆ ಮಾಡಿ ಆಹಾರ ಬದಲಿಸಿದರೆ ಅಂಥ ಮಕ್ಕಳು ಎಲ್ಲರಂತೆ ಬೆಳೆಯುತ್ತಾರೆ.

ಇದು ಅಪರೂಪದ ಕಾಯಿಲೆ, ಹೆದರಬೇಕಾಗಿಲ್ಲ. ಆದರೆ ಅರಿವೆ ಚೊಕ್ಕಟವಿದ್ದರೆ ಮಾತ್ರ ಮೂಗಿಗೆ ನಿಜ ತಿಳಿದೀತು. ಶುಭ್ರವಾದ ಅರಿವೆಯಲ್ಲಿಯೂ ಹೊಸ ಮೂತ್ರಕ್ಕೆ ವಿಚಿತ್ರ ವಾಸನೆ ಇದ್ದರೆ, ಬಣ್ಣ ಗಾಢವಾಗಿದ್ದರೆ, ಜ್ವರ ಬಂದರೆ, ಹುಟ್ಟಿ ವಾರ ಕಳೆದ ಕೂಸು ದಿನಕ್ಕೆ ಆರು ಸಲವಾದರೂ ಒದ್ದೆ ಮಾಡದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಕೊನೆಯದಾಗಿ ಪಾಲಕರಲ್ಲಿ ಒಂದು ಮಾತು. ಮೇಲೆ ಹೇಳಿದ್ದಕ್ಕೆಲ್ಲ ನೀರು ಬೇಕು, ನೀರು ಹೊರಲು ಕೈ ಬೇಕು. ಮನೆಯಲ್ಲಿ ಕೂಸು ಹುಟ್ಟಿತೆಂದು ಎಂಟನೆಯ ಇಯತ್ತೆಯ ಅಕ್ಕನನ್ನು ಸಾಲೆ ಬಿಡಿಸಿ ಅರಿವೆ ಒಗೆಯಲು ಕೂರಿಸಬೇಡಿ. ಕೆರೆಯ ನೀರಿನ ಆ ಒಂದು ಕೊಡವನ್ನು ಸೈಕಲ್ಲಿಗೆ ಕಟ್ಟಿಕೊಂಡು ತರಲು ಅಣ್ಣನಿಗೂ ಬರುತ್ತದೆ, ಹಂಡೆಯ ಕೆಳಗೆ ಉರಿ ಹಚ್ಚಲು ಅಪ್ಪನಿಗೂ ಬರುತ್ತದೆ. ಅರಿಷಿಣದ ಪಟ್ಟಿಯನ್ನು ಅಕ್ಕ ಮಾಡಿಕೊಡಲಿ. ಕೊನೆಯ ಜಾಲಿಸಿದ ನೀರಿಗೆ ಅದನ್ನು ಅದ್ದಿ ನೋಡುವ ಕೆಲಸ ಮನೆಯ ಎಲ್ಲರದೂ ಆಗಲಿ.