ವಿಪಿಎನ್ ಹಾಕಿದರೆ ಮುಗಿಯಿತೇ?



ನಿಮ್ಮ ಪತ್ರಿಕೆಯ ಸೈಬರ್ ಸುರಕ್ಷತೆ ಪುಟದ ಲೇಖನವೊಂದು, ಬಸ್ ನಿಲ್ದಾಣ, ಹೋಟೆಲು, ಹಾಸ್ಟೆಲುಗಳ ವೈಫೈ ಬಳಸುವವರು ವಿಪಿಎನ್ ಹಾಕಿಕೊಂಡರೆ ಸಾಕು, ಲಿನಕ್ಸ್ ಬಳಸುವವರಂತೂ ನಿಶ್ಚಿಂತೆಯಿಂದಿರಬಹುದು ಎಂದಿದೆ. ಕಚೇರಿಯೊಂದರ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಮೊದಲನೆಯ ಮಾತು ಅರ್ಧಸತ್ಯ. ಎರಡನೆಯದು ಪೂರ್ತಿ ತಿರುಗುಮುರುಗು.

ಯಾವುದೇ ಜಾಲತಾಣ ತೆರೆಯುವ ಮುನ್ನ ಕಂಪ್ಯೂಟರು ಆ ಹೆಸರಿನ ಐಪಿ ವಿಳಾಸ ಯಾವುದೆಂದು ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ವಿಪಿಎನ್ ಚಾಲೂ ಇದ್ದಾಗ ಈ ಪ್ರಶ್ನೆಯೂ ಅದರ ಗುಪ್ತ ಸುರಂಗದೊಳಗೇ ಹೋಗಬೇಕು. ಹೊರಗಿನಿಂದ ಹೋದರೆ ಅದು ಡಿಎನ್‌ಎಸ್ ಸೋರಿಕೆ. ಪುಟದಲ್ಲಿ ನೀವು ಏನು ಓದಿದಿರಿ ಎಂಬುದು ಗೊತ್ತಾಗದಿರಬಹುದು. ಆದರೆ ಯಾವ ಆಸ್ಪತ್ರೆ, ಯಾವ ಬ್ಯಾಂಕು, ಯಾವ ಉದ್ಯೋಗ ತಾಣ ಎಂಬುದು ಇಂಟರ್‌ನೆಟ್ ಕಂಪನಿಗೋ ವೈಫೈ ಕೊಟ್ಟವರಿಗೋ ಗೊತ್ತಾಗುತ್ತದೆ. ಜನ ದುಡ್ಡು ಕೊಟ್ಟು ಮುಚ್ಚಿಡಲು ಹೊರಟಿದ್ದೇ ಅದನ್ನು.

ಓಪನ್‌ವಿಪಿಎನ್ ಎಂಬ ವಿಪಿಎನ್ ತಂತ್ರಾಂಶದ ಸರ್ವರು ತನ್ನ ಡಿಎನ್‌ಎಸ್ ವಿಳಾಸ ಕಳಿಸಿದರೆ ವಿಂಡೋಸ್‌ನಲ್ಲಿ ಅದು ತಾನಾಗಿ ಜಾರಿಯಾಗುತ್ತದೆ. ಲಿನಕ್ಸ್‌ನಲ್ಲಿ ಟರ್ಮಿನಲ್‌ನಿಂದ ಅದನ್ನು ಓಡಿಸುವವರು, ಅದರ ಹಳೆಯ ಆವೃತ್ತಿಗಳಲ್ಲಿ, ಇದಕ್ಕೆಂದೇ ಒಂದು ಸ್ಕ್ರಿಪ್ಟ್ ಜೋಡಿಸಬೇಕು. ಜೋಡಿಸದಿದ್ದರೆ? ಮನೆಯ ರೂಟರು ಸಾಮಾನ್ಯವಾಗಿ 192.168.1.1ರಂಥ ತನ್ನ ವಿಳಾಸವನ್ನೇ ಡಿಎನ್‌ಎಸ್ ಎಂದು ಕೊಟ್ಟಿರುತ್ತದೆ. ಅದು ಮನೆಯೊಳಗಿನ ವಿಳಾಸವಾದ್ದರಿಂದ ಪ್ರಶ್ನೆ ಸುರಂಗದ ಕಡೆ ತಿರುಗುವುದೇ ಇಲ್ಲ. ನೇರ ರೂಟರಿಗೆ, ಅಲ್ಲಿಂದ ಇಂಟರ್‌ನೆಟ್ ಕಂಪನಿಗೆ. ವಿಪಿಎನ್ ಮಾತ್ರ 'ಕನೆಕ್ಟೆಡ್' ಎನ್ನುತ್ತಲೇ ಇರುತ್ತದೆ.

ಪರೀಕ್ಷಿಸುವುದು ಕಷ್ಟವಲ್ಲ. ಉಬುಂಟು ಲಿನಕ್ಸ್‌ನಲ್ಲಿ ಅನೇಕರು ಡಿಎನ್‌ಎಸ್ ವಿಳಾಸವಿರುವ ರಿಸಾಲ್ವ್.ಕಾನ್ಫ್ ಕಡತ ತೆರೆದು 127.0.0.53 ನೋಡಿ ಸಮಾಧಾನಪಡುತ್ತಾರೆ. ಅದು ಅದೇ ಕಂಪ್ಯೂಟರಿನೊಳಗಿನ ವಿಳಾಸ, ಪ್ರಶ್ನೆ ಮುಂದೆ ಎಲ್ಲಿಗೆ ಹೋಯಿತೆಂದು ಅದರಿಂದ ತಿಳಿಯದು. 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಎಂದು ಟರ್ಮಿನಲ್‌ನಲ್ಲಿ ಆದೇಶ ಕೊಟ್ಟರೆ ವೈಫೈಗೆ ಯಾವ ಡಿಎನ್‌ಎಸ್, ವಿಪಿಎನ್‌ಗೆ ಯಾವುದು ಎಂದು ಬೇರೆಬೇರೆಯಾಗಿ ಕಾಣುತ್ತದೆ. ಇನ್ನೂ ಖಾತ್ರಿ ಬೇಕಿದ್ದರೆ ಜಾಲದ ಸಂಚಾರ ತೋರಿಸುವ ಟಿಸಿಪಿಡಂಪ್ ತಂತ್ರಾಂಶವನ್ನು ವೈಫೈ ಕಾರ್ಡಿನಲ್ಲಿ ಡಿಎನ್‌ಎಸ್‌ನ 53ನೇ ಪೋರ್ಟಿನ ಮೇಲೆ ಓಡಿಸಿ, ವಿಪಿಎನ್ ಚಾಲೂ ಇಟ್ಟು, ಹೊಸದೊಂದು ತಾಣ ತೆರೆಯಿರಿ. ಪರದೆ ಖಾಲಿ ಇರಬೇಕು. ತಾಣದ ಹೆಸರು ಸಾಲುಸಾಲಾಗಿ ಉದುರತೊಡಗಿದರೆ ಸೋರುತ್ತಿದೆ ಎಂದೇ ಲೆಕ್ಕ. ಬ್ರೌಸರಿನಲ್ಲಿ ತೆರೆಯುವ ಪರೀಕ್ಷಾ ಪುಟಗಳನ್ನಷ್ಟೇ ನೆಚ್ಚಿಕೊಳ್ಳುವುದು ತರವಲ್ಲ. ಬ್ರೌಸರು ತನ್ನದೇ ಗುಪ್ತ ಡಿಎನ್‌ಎಸ್ ಬಳಸುತ್ತಿದ್ದರೆ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಪಕ್ಕದಲ್ಲಿ ಇಮೇಲ್ ತಂತ್ರಾಂಶ ಸೋರುತ್ತಿರುತ್ತದೆ. ಐಪಿವಿ6 ಎಂಬ ಹೊಸ ಬಗೆಯ ವಿಳಾಸಗಳನ್ನು ಸುರಂಗಕ್ಕೆ ಸೇರಿಸಲು ಮರೆತ ವಿಪಿಎನ್‌ಗಳೂ ಹೀಗೆಯೇ ಸೋರುತ್ತವೆ.

ಇದನ್ನೆಲ್ಲ ಬಳಸುವವನೇ ಏಕೆ ಮಾಡಬೇಕು ಎಂಬುದು ನನ್ನ ತಕರಾರು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ, ಸೇವೆ ಪಡೆದ ಉದ್ದೇಶ ಎಲ್ಲವನ್ನೂ 5 ವರ್ಷ ಕಾಪಿಡಬೇಕು. ಅದಕ್ಕೆ ಒಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ತೆಗೆದವು. ಕೊಳ್ಳುವವನ ಜಾತಕವನ್ನೆಲ್ಲ ಕೇಳುವ ಆ ನಿರ್ದೇಶನದಲ್ಲಿ, ಮಾರುವ ಸರಕು ಸೋರುತ್ತದೆಯೇ ಎಂದು ಪರೀಕ್ಷಿಸಿ ತಿಳಿಸಿ ಎಂಬ ಒಂದು ಸಾಲಿಲ್ಲ. ಕಂಪನಿಗಳ ಒಳಬಳಕೆಯ ವಿಪಿಎನ್‌ಗಳನ್ನಂತೂ ಈ ದಾಖಲೆ ನಿಯಮದಿಂದಲೇ ಸರ್ಟ್-ಇನ್ ಹೊರಗಿಟ್ಟಿದೆ.

ವಿಪಿಎನ್ ಮಾರುವವರು ವಿಂಡೋಸ್, ಮ್ಯಾಕ್, ಲಿನಕ್ಸ್ ಪ್ರತಿಯೊಂದಕ್ಕೂ ಡಿಎನ್‌ಎಸ್ ಪರೀಕ್ಷೆಯ ಫಲಿತಾಂಶ ಪ್ರಕಟಿಸುವಂತೆ ನಿಯಮ ಬರಲಿ. ನೌಕರರಿಗೆ, ವಿದ್ಯಾರ್ಥಿಗಳಿಗೆ ಕಾನ್ಫಿಗರೇಶನ್ ಕಡತ ಕಳಿಸಿ ಕೈತೊಳೆದುಕೊಳ್ಳುವ ಕಚೇರಿ, ಕಾಲೇಜುಗಳೂ ಕಳಿಸುವ ಮೊದಲೊಮ್ಮೆ ಪರೀಕ್ಷಿಸಲಿ. ಕಚೇರಿಯ ತಾಣಗಳ ಡಿಎನ್‌ಎಸ್ ಪ್ರಶ್ನೆಗಳನ್ನಷ್ಟೇ ಸುರಂಗಕ್ಕೆ ಹಾಕಿ ಉಳಿದವನ್ನು ಹೊರಗೆ ಬಿಡುವ ಏರ್ಪಾಡೂ ಉಂಟು. ಅದು ತಪ್ಪೇನಲ್ಲ, ಆದರೆ ಬಳಸುವವರಿಗೆ ಬಾಯಿಬಿಟ್ಟು ಹೇಳಿರಬೇಕು. ನಿಮ್ಮ ಪುಟದಲ್ಲೂ ಮುಂದಿನ ಸಲ ವಿಪಿಎನ್ ಬಗ್ಗೆ ಸಲಹೆ ಬಂದಾಗ ಪರೀಕ್ಷಿಸುವ ಬಗೆಯನ್ನೂ ಜೊತೆಗೇ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

– ಓದುಗ, ಹುಬ್ಬಳ್ಳಿ